ಔಷಧ ಬೆರೆಸುವ ಕೋಣೆಯ ಬಸಯ್ಯನವರು

ಬಸಯ್ಯನವರು ಏನನ್ನೂ ಮುಟ್ಟುವುದಿಲ್ಲ. ಬೈಲಹೊಂಗಲದ ಆ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಅವರು ನಡೆದು ಬರುವುದನ್ನು ಮೊದಲ ಸಲ ಕಂಡವರಿಗೆ, ಯಾರೋ ಈ ಮನುಷ್ಯನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕರೆತರುತ್ತಿದ್ದಾರೇನೋ ಎನ್ನಿಸಬೇಕು. ಬಲಗೈ ಎಡಗೈಯ ಮಣಿಕಟ್ಟನ್ನು ಭದ್ರವಾಗಿ ಹಿಡಿದಿರುತ್ತದೆ, ತಲೆ ತುಸು ಮುಂದಕ್ಕೆ ಬಾಗಿರುತ್ತದೆ, ಹೆಜ್ಜೆಗಳು ಮಾತ್ರ ಹೊಲದ ಬದುವಿನ ಮೇಲೆ ನಡೆಯುವವನ ಹೆಜ್ಜೆಗಳಂತೆ ನಿಧಾನವಾಗಿ, ನೇರವಾಗಿ, ಒಂದರ ಮುಂದೊಂದು ಬೀಳುತ್ತವೆ. ಬಾಗಿಲನ್ನು ಅವರು ಮೊಣಕೈಯಿಂದ ದೂಡುತ್ತಾರೆ. ದೀಪದ ಗುಂಡಿಯನ್ನೂ ಮೊಣಕೈಯಿಂದಲೇ ಒತ್ತುತ್ತಾರೆ. ಯಾರಾದರೂ ಕಾಗದವೊಂದನ್ನು ಮುಂದೆ ಚಾಚಿದರೆ, ಅದನ್ನು ಮೇಜಿನ ಮೇಲಿಡುವಂತೆ ಗದ್ದದಿಂದ ಸೂಚಿಸಿ, ಕೊಕ್ಕರೆಯ ಹಾಗೆ ಕೊರಳು ಬಾಗಿಸಿ ಓದುತ್ತಾರೆ. ಐವತ್ತು ದಾಟಿದ, ಎತ್ತರದ, ಹಣೆಯ ಮೇಲೆ ತೆಳುವಾಗಿ ವಿಭೂತಿ ಧರಿಸಿದ ಈ ಗೃಹಸ್ಥರು ಲೋಕದ ಯಾವ ವಸ್ತುವಿನ ಜೊತೆಗೂ ತಮಗೆ ಸಂಬಂಧವಿಲ್ಲವೆಂಬಂತೆ ಹಾದುಹೋಗುವಾಗ, ಬೆಂಚಿನ ಮೇಲೆ ಕುಳಿತ ರೋಗಿಗಳೂ ಅವರ ಜೊತೆಗೆ ಬಂದವರೂ ಮಾತು ನಿಲ್ಲಿಸಿ ನೋಡುತ್ತಾರೆ.

ಅವರ ಮಾತೂ ಹಾಗೆಯೇ, ಕೈಕಟ್ಟಿಕೊಂಡ ಮಾತು. ಯಾರು ಏನೇ ಕೇಳಲಿ, ಮೊದಲು ಬರುವ ಶಬ್ದ ‘ತಡೀರಿ’. ವೈದ್ಯರು ಅವಸರದಿಂದ ಕರೆದರೆ ‘ತಡೀರಿ’, ಔಷಧದ ಚೀಲ ತಯಾರಾಯಿತೇ ಎಂದು ನರ್ಸು ಕೇಳಿದರೆ ‘ತಡೀರಿ’, ಚಹಾಕ್ಕೆ ಬರ್ರಿ ಎಂದರೂ ‘ತಡೀರಿ’. ಅದಾದ ಮೇಲೆ ಒಂದು ಮೌನ. ಆ ಮೌನದಲ್ಲಿ ಅವರು ಪ್ರಶ್ನೆಯನ್ನು ಎಲ್ಲ ಮಗ್ಗುಲಿನಿಂದ ತಿರುಗಿಸಿ ನೋಡಿ, ಉತ್ತರ ಬೇಕೆನಿಸಿದರೆ ಎರಡು ಮಾತಿನಲ್ಲಿ ಕೊಟ್ಟು, ಬೇಡವೆನಿಸಿದರೆ ಕೊಡದೆಯೇ ಹೋಗಿಬಿಡುತ್ತಾರೆ. ಬೆನ್ನ ಹಿಂದೆ ಎಲ್ಲರೂ ತಮ್ಮನ್ನು ‘ತಡೀರಿ ಅಯ್ಯಾರು’ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ನಾನು ಅವರನ್ನು ಕಂಡದ್ದು ನನ್ನ ಅಕ್ಕನ ನಿಮಿತ್ತ. ಅವಳ ಹೆಸರು ತಂಗೆವ್ವ. ಹೆಸರಿಗೆ ತಂಗಿ, ಸವದತ್ತಿಯ ನಮ್ಮ ಓಣಿಗೆಲ್ಲ ಅಕ್ಕ. ಎದೆಯಲ್ಲಿ ಗಡ್ಡೆಯಾಗಿ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ಕಿಮೋ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ ಹನಿಹನಿಯಾಗಿ ನರಕ್ಕೆ ಹರಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದರು. ಪ್ರತಿ ಸಲವೂ ಬೆಳಗಾವಿಗೆ ಅಡ್ಡಾಡುವುದು ಅವಳ ಮೈಗೆ ಆಗುವ ಮಾತಾಗಿರಲಿಲ್ಲ. ಬೈಲಹೊಂಗಲದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆ ಸೌಕರ್ಯವಿತ್ತು. ರಾಮದುರ್ಗದವರೂ ಕಿತ್ತೂರಿನವರೂ ಅಲ್ಲಿಗೇ ಬರುತ್ತಿದ್ದರು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿ ಮನೆಯಲ್ಲಿದ್ದ ನಾನು ಅಕ್ಕನ ಜೊತೆಗಾರನಾದೆ.

ಮೊದಲ ದಿನವೇ ಅಕ್ಕನಿಗೆ ಅವರ ಮೇಲೆ ಮುನಿಸು ಬಂತು. ಅವರು ಸಂಪಗಾಂವದ ಸಾಲಿಮಠ ಮನೆತನದ ಜಂಗಮರೆಂದು ಯಾರೋ ಹೇಳಿದ್ದರು. ನಮ್ಮ ಸೀಮೆಯಲ್ಲಿ ಅಯ್ಯನವರು ಎದುರಾದರೆ ವಯಸ್ಸಾದವರೂ ಬಾಗಿ ಕಾಲು ಮುಟ್ಟುವುದು ವಾಡಿಕೆ. ಅದೂ ಅಂಥ ಔಷಧ ಮೈಗೇರುವ ಮುಂಚೆ ಒಂದು ಆಶೀರ್ವಾದ ಸಿಕ್ಕರೆ ಆಗಲೆಂದು ಅಕ್ಕ ಬೆಂಚಿನಿಂದೆದ್ದು ಸೆರಗು ಹೊದ್ದು ಬಾಗಿದಳು. ಬಸಯ್ಯನವರು ಹಾವು ಕಂಡವರಂತೆ ಹಿಂದಕ್ಕೆ ಸರಿದರು.

“ತಡೀರಿ. ಬ್ಯಾಡ್ರಿ,” ಎಂದರು, ಅಷ್ಟೇ ಅಂದು ಹೊರಟುಹೋದರು.

ಅಕ್ಕ ಬಾಗಿದವಳು ಹಾಗೆಯೇ ಕ್ಷಣಕಾಲ ನಿಂತಳು. ಆಮೇಲೆ ಕುಳಿತು, “ಎಂಥಾ ಅಯ್ಯಾರೋ ತಮ್ಮಾ ಇವರು. ನನಗ ಬಂದ ಜಡ್ಡು ಕಾಲಿಗೆ ಹತ್ತತೈತಿ ಅಂತ ತಿಳದಾರೇನು?” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಕೂದಲು ಉದುರುತ್ತದೆಂದು ಹೇಳಿದಾಗಲೂ ಅತ್ತವಳಲ್ಲ ಅವಳು.

ನಾವು ಕಾಯುತ್ತ ಕೂರುತ್ತಿದ್ದ ಬೆಂಚಿನ ಎದುರಿಗೇ ಔಷಧ ಬೆರೆಸುವ ಕೋಣೆ ಇತ್ತು. ಅದಕ್ಕೊಂದು ಅಗಲವಾದ ಗಾಜು, ಒಳಗಿನದೆಲ್ಲ ಕಾಣುತ್ತಿತ್ತು. ಫಾರ್ಮಾಸಿಸ್ಟ್ ಎಂದರೆ ಚೀಟಿ ನೋಡಿ ಗುಳಿಗೆ ಕೊಡುವವರೆಂದು ತಿಳಿದಿದ್ದ ನನಗೆ, ಈ ಮನುಷ್ಯ ದಿನದ ಅರ್ಧ ಹೊತ್ತನ್ನು ಒರೆಸುವುದರಲ್ಲೇ ಕಳೆಯುವುದು ಕಂಡು ಆಶ್ಚರ್ಯವಾಯಿತು. ನೀಲಿ ಬಣ್ಣದ, ಹಿಂದೆ ಗಂಟು ಹಾಕುವ ನಿಲುವಂಗಿ ತೊಟ್ಟು, ಮೂಗು ಬಾಯಿ ಮುಚ್ಚಿ, ಒಂದರ ಮೇಲೊಂದು ಕೈಗವಸು ಏರಿಸಿ, ಗಾಳಿಯನ್ನು ತನ್ನೊಳಗೇ ಎಳೆದುಕೊಳ್ಳುವ ಒಂದು ಉಕ್ಕಿನ ಕಪಾಟಿನ ಮುಂದೆ ಅವರು ನಿಲ್ಲುತ್ತಿದ್ದರು. ಬಟ್ಟೆಯ ತುಂಡನ್ನು ದ್ರಾವಣದಲ್ಲಿ ನೆನೆಸಿ, ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ, ನೇಗಿಲು ಎಳೆದ ಗೆರೆಯಂತೆ ಒಂದರ ಪಕ್ಕ ಒಂದು ಒರೆಸಿ, ಆ ತುಂಡನ್ನು ಹಳದಿ ಚೀಲಕ್ಕೆ ಹಾಕಿ, ಹೊಸ ತುಂಡು ತೆಗೆದು, ಮತ್ತೆ ಅದೇ ಜಾಗವನ್ನು ಬೇರೊಂದು ದ್ರಾವಣದಿಂದ ಒರೆಸಿ, ಮತ್ತೆ ನೀರಿನಿಂದ ಒರೆಸುತ್ತಿದ್ದರು. ಅಲ್ಲಿ ಕಸಬರಿಗೆಗೆ ಪ್ರವೇಶವಿರಲಿಲ್ಲ. ಚಿಮ್ಮಿಸುವ ಬಾಟಲಿಯೂ ಇರಲಿಲ್ಲ. ಮೇಜು ಮುಗಿದ ಮೇಲೆ ನೆಲ. ಜಂಗಮಯ್ಯನೊಬ್ಬ ಮೊಣಕಾಲೂರಿ ನೆಲ ಒರೆಸುವುದನ್ನು ಬೆಂಚಿನ ಮೇಲಿನ ಹಳ್ಳಿಯ ಹೆಂಗಸರು ಕಣ್ಣರಳಿಸಿ ನೋಡಿ, “ಮಡಿ ಭಾಳ ಕಾಣತೈತಿ,” ಎಂದು ಪರಸ್ಪರ ಪಿಸುಗುಟ್ಟುತ್ತಿದ್ದರು. ಊರಿನ ತೀರ್ಮಾನವೂ ಅದೇ ಆಗಿತ್ತು.

ಆ ತೀರ್ಮಾನಕ್ಕೆ ಅವರ ಕೋಟೂ ಸಾಕ್ಷಿ ಹೇಳುತ್ತಿತ್ತು. ನಶ್ಯದ ಬಣ್ಣದ, ಮೊಣಕೈಯಲ್ಲಿ ತೇಪೆ ಬಿದ್ದ ಉಣ್ಣೆಯ ಕೋಟು, ಮದುವೆಗೆ ಹೊಲಿಸಿದ್ದಂತೆ. ಬೇಸಿಗೆಯಲ್ಲೂ ಅದನ್ನು ತೊಟ್ಟೇ ಸಂಪಗಾಂವದಿಂದ ಬಸ್ಸಿಗೆ ಬರುತ್ತಿದ್ದರು, ಬಂದೊಡನೆ ಹೊರಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕುತ್ತಿದ್ದರು. ಒಮ್ಮೆ ಮಳೆಯ ಎರಚಲಿಗೆ ಕೋಟು ನೆನೆಯುತ್ತಿದ್ದುದನ್ನು ಕಂಡು ವಾರ್ಡಿನ ಸಹಾಯಕ ನೀಲಪ್ಪ ಅದನ್ನು ತಂದು ಔಷಧ ಕೋಣೆಯ ಬಾಗಿಲಿನ ಚಿಲಕಕ್ಕೆ ಸಿಕ್ಕಿಸಿದ. ಬಸಯ್ಯನವರ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಅಂದು ಮಾತ್ರ. “ಅದನ್ನ ಯಾರ ಮುಟ್ಟಂದ್ರು ನಿಮಗ?” ಎಂದು ಗದರಿ, ಒದ್ದೆ ಕೋಟನ್ನು ಒಂದು ಚೀಲದಲ್ಲಿ ತುಂಬಿ ಕಟ್ಟಿ, ಆ ಸಂಜೆ ಬರಿ ಅಂಗಿಯಲ್ಲೇ ಮನೆಗೆ ಹೋದರು. ಉಪಕಾರ ಮಾಡಲು ಹೋದ ನೀಲಪ್ಪ ಮುಖ ಸಣ್ಣದು ಮಾಡಿಕೊಂಡ. ತಾನು ಮುಟ್ಟಿದ್ದಕ್ಕೇ ಅಯ್ಯನವರಿಗೆ ಸಿಟ್ಟು ಬಂತೆಂದು ಅವನು ತಿಳಿದ. ಹಾಗೆ ತಿಳಿಯಲು ಅವನ ಬದುಕಿನಲ್ಲಿ ಬೇಕಾದಷ್ಟು ಕಾರಣಗಳಿದ್ದವು.

ಇಂಥ ಹೊತ್ತಿನಲ್ಲಿ ಮಾಲಾ ಆ ಆಸ್ಪತ್ರೆಗೆ ಬಂದಳು.

ಕಿತ್ತೂರಿನ ಹತ್ತಿರದ ದೇಗಾಂವದ ಸೊಸೆ. ಪಿಯುಸಿ ಓದಿದ್ದಳು, ಗಂಡ ಆಟೋ ಓಡಿಸುತ್ತಿದ್ದ, ಮನೆಯಲ್ಲಿ ಬುದ್ಧನ ಪಟದ ಪಕ್ಕ ಬಾಬಾಸಾಹೇಬರ ಪಟ ಇತ್ತೆಂದು ಅಕ್ಕನ ಜೊತೆ ಮಾತಾಡುವಾಗ ತಾನೇ ಹೇಳಿದ್ದಳು. ಗುತ್ತಿಗೆದಾರನ ಮೂಲಕ ಸ್ವಚ್ಛತೆಯ ಕೆಲಸಕ್ಕೆ ಸೇರಿದವಳು, ಚುರುಕು, ನೇರ ಮಾತು. ಅವಳಿಗಿಂತ ಮೊದಲು ಆ ಕೆಲಸದಲ್ಲಿದ್ದ ಕರೆವ್ವ ಎಂಬ ಮುದುಕಿ ಬಸಯ್ಯನವರ ಜೊತೆ ನಿಲುವಂಗಿ ತೊಟ್ಟು ಒಳಗೆ ಹೋಗಿ ನೆಲ ತೊಳೆಯುತ್ತಿದ್ದಳು. ಮೊಣಕಾಲು ನೋವೆಂದು ಕೆಲಸ ಬಿಟ್ಟಿದ್ದಳು. ಆ ಜಾಗಕ್ಕೆ ಬಂದ ಮಾಲಾಳನ್ನು ಬಸಯ್ಯನವರು ಹೊಸ್ತಿಲು ದಾಟಗೊಡಲಿಲ್ಲ. ಬಕೆಟ್ಟು ಹಿಡಿದು ಬಂದರೆ “ತಡೀರಿ” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ವಾರಗಟ್ಟಲೆ ಹೀಗೇ ನಡೆಯಿತು. “ಅದು ಅಯ್ಯಾರ ಕ್ವಾಣಿ ತಂಗಿ, ನಮ್ಮಂಥವರಿಗಲ್ಲ,” ಎಂದು ನೀಲಪ್ಪ ಅವಳಿಗೆ, ಅವರ ಕೋಟು ಮುಟ್ಟಿ ತಾನು ಬೈಸಿಕೊಂಡ ಕಥೆ ಹೇಳಿದ.

ಒಂದು ಬೆಳಿಗ್ಗೆ ನಾನೂ ಅಕ್ಕನೂ ಬೆಂಚಿನ ಮೇಲಿದ್ದಾಗಲೇ ಅದು ಸ್ಫೋಟವಾಯಿತು. ಮಾಲಾ ಬಕೆಟ್ಟನ್ನು ಗಾಜಿನ ಬಾಗಿಲ ಮುಂದೆ ಸದ್ದಾಗುವಂತೆ ಇಟ್ಟಳು. ಬಸಯ್ಯನವರು ಒಳಗಿನಿಂದ ಬಂದು ಎಂದಿನಂತೆ ಕೈ ಹಿಂದೆ ಕಟ್ಟಿ ನಿಂತರು.

“ತಡೀರಿ,” ಎಂದರು.

“ಎಷ್ಟ ತಡೀಬೇಕ್ರಿ ಸರ್?” ಎಂದಳು ಮಾಲಾ. ಅವಳ ಧ್ವನಿ ತಗ್ಗಿರಲಿಲ್ಲ. “ನಮ್ಮಜ್ಜಿ ತಡದಳು. ನಮ್ಮವ್ವ ತಡದಳು. ನಾನೂ ತಡೀಲೇನು? ಕರೆವ್ವ ಒಳಗ ಬರಬಹುದು, ನಾ ಬಂದ್ರ ನಿಮ್ಮ ಕ್ವಾಣಿ ಮೈಲಿಗಿ ಆಕ್ಕೈತೇನ್ರಿ?”

ನಾನು ಬಸಯ್ಯನವರ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಕೋಪ ಬರಲಿಲ್ಲ. ಊರೆಲ್ಲ ಕಂಡದ್ದನ್ನು ತಾನೊಬ್ಬನೇ ಕಾಣದೆ ಇದ್ದವನ ದಿಗ್ಭ್ರಮೆ ಬಂತು. ಬೆನ್ನ ಹಿಂದಿನ ಕೈಗಳು ಬಿಟ್ಟುಕೊಂಡು ಅವರ ಪಕ್ಕದಲ್ಲಿ ಜೋತುಬಿದ್ದವು. ಆ ಕೈಗಳನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ: ಸಾಬೂನಿನಿಂದ ತೊಳೆದು ತೊಳೆದು ಬಿಳಚಿ, ಬೆರಳ ಸಂದಿಗಳಲ್ಲಿ ಬಿರಿದಿದ್ದವು.

“ಮೈಲಿಗಿ?” ಎಂದರು. ಮತ್ತೊಮ್ಮೆ, ತಮಗೇ ಎಂಬಂತೆ, “ಮೈಲಿಗಿ?”

ಆಮೇಲೆ ಅವರು ಮಾತಾಡಿದರು. ಅಷ್ಟು ದಿನ ಕೂಡಿಟ್ಟ ಮಾತನ್ನೆಲ್ಲ ಒಮ್ಮೆಗೇ ಹೊರತೆಗೆದವರಂತೆ. “ಇದು ಜಡ್ಡ ಇದ್ದವರಿಗೆ ಔಷಧರಿ, ಜಡ್ಡ ಇಲ್ಲದವರಿಗೆ ವಿಷ. ಬೆರಸುವಾಗ ಕಣ್ಣಿಗೆ ಕಾಣದಷ್ಟು ಸಿಡೀತೈತಿ. ಮೇಜಿನ ಮ್ಯಾಲ ಕುಂದರತೈತಿ, ನೆಲದ ಮ್ಯಾಲ ಕುಂದರತೈತಿ, ಚಿಲಕದ ಮ್ಯಾಲನೂ; ಅದಕ್ಕ ಅವತ್ತ ಆ ಕೋಟು ಚೀಲದಾಗ ಕಟ್ಟಿದೆ. ಬರಿಗೈಲೆ ಮುಟ್ಟಿದ್ರ ಚರ್ಮದಾಗ ಇಳೀತೈತಿ. ಕರೆವ್ವಗ ಗೌನು ಇತ್ತು, ದಪ್ಪ ಕೈಗವಸು ಇದ್ದವು. ಹೊಸಾ ಗುತ್ತಿಗಿ ಆದ ಮ್ಯಾಲ ಸ್ವಚ್ಛ ಮಾಡೋರಿಗೆ ಅವನ್ನ ಬಂದ್ ಮಾಡ್ಯಾರ. ನಿಮಗ ಕೊಟ್ಟಿದ್ದು ನೋಡ್ರಿ, ಭಜಿ ಕಟ್ಟೂ ಪ್ಲಾಸ್ಟಿಕಿನಂಗ ಐತಿ. ಅದನ್ನ ಹಾಕ್ಕೊಂಡವರನ್ನ ನಾ ಹೆಂಗ ಒಳಗ ಬಿಡ್ಲಿ? ಅದಕ್ಕ ನಾನ ತೊಳಕೊಳ್ಳಾಕತ್ತೇನಿ.”

“ಅದನ್ನ ಮೊದಲ ಹೇಳಬೇಕಿತ್ತಲ್ರಿ.”

“ಹೇಳಬೇಕಿತ್ತು. ಬಾಗಲಾ ಮುಚ್ಚಿದೆ, ಬಾಯೂ ಮುಚ್ಚಿದೆ. ತಪ್ಪು ನಂದು.”

“ನಿಮಗ ಅದು ತಿಳೀಲಿಲ್ಲ, ಯಾಕಂದ್ರ ನಿಮಗ ಯಾರೂ ಬಾಗಲಾ ಮುಚ್ಚಿಲ್ಲ,” ಎಂದಳು ಮಾಲಾ. “ನಮಗ ಮುಚ್ಚಿದವರು ಯಾರೂ ಇಲ್ಲೀತನಕ ಒಳ್ಳೇದಕ್ಕ ಮುಚ್ಚಿದ್ದಿಲ್ಲರಿ ಸರ್.”

ಬಸಯ್ಯನವರು ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಗದ್ದಲ ಕೇಳಿ ಆಸ್ಪತ್ರೆಯ ಮ್ಯಾನೇಜರ್ ಕಲ್ಮೇಶ ಬಂದ. ಕೆಟ್ಟವನಲ್ಲ, ಎಲ್ಲದರಲ್ಲೂ ಉಳಿತಾಯ ಮಾಡಿ ತೋರಿಸಬೇಕೆಂಬ ಹುಮ್ಮಸ್ಸಿನ ಹರೆಯದವನು. ಬಸಯ್ಯನವರು ಈ ಮೊದಲು ಅವನಿಗೆ ಅನೇಕ ಸಲ ಹೇಳಿ ಸೋತಿದ್ದರೆಂಬುದು ಆಗ ತಿಳಿಯಿತು. ಕಲ್ಮೇಶ ಹಳೆಯ ಮಾತನ್ನೇ ಹೇಳಿದ: “ಔಷಧ ಬೆರಸೋರಿಗೆ ಗೌನು ಬೇಕು, ಒಪ್ಪತೇನ್ರಿ. ನೆಲಾ ವರಸಾಕ ಅಷ್ಟೆಲ್ಲಾ ಯಾಕ್ರಿ?”

ಮಾಲಾ ತನ್ನ ಕೈಯಲ್ಲಿದ್ದ ತೆಳು ಪ್ಲಾಸ್ಟಿಕ್ಕಿನ ಕೈಗವಸುಗಳನ್ನು ಅವನ ಮುಂದೆ ಹಿಡಿದಳು. “ಹಂಗಾದ್ರ ಇವನ್ನ ಹಾಕ್ಕೊಂಡು ನೀವ ಒಮ್ಮೆ ಒಳಗ ಹೋಗಿ ವರಸಿ ಬರ್ರಿ ಸಾಹೇಬ್ರ. ನೀವು ಹೊರಗ ಬಂದ ಮ್ಯಾಲ ನಾ ಹೋಗತೇನಿ.”

ಕಲ್ಮೇಶ ಕೈಗವಸು ತೆಗೆದುಕೊಂಡ. ಬೆಳಕಿಗೆ ಹಿಡಿದ, ಅದರಾಚೆ ಅವನ ಬೆರಳುಗಳು ನಿಚ್ಚಳವಾಗಿ ಕಂಡವು. ಗಾಜಿನ ಆಚೆಯ ಕೋಣೆಯನ್ನೊಮ್ಮೆ ನೋಡಿದ. ಪಡಸಾಲೆಯ ರೋಗಿಗಳೆಲ್ಲ ಅವನನ್ನೇ ನೋಡುತ್ತಿದ್ದರು. ಕಡೆಗೆ, “ಇವತ್ತ ತರಸತೇನ್ರಿ,” ಎಂದು ತಗ್ಗಿದ ಧ್ವನಿಯಲ್ಲಿ ಹೇಳಿ ಹೋದ. ಮಾತಿಗೆ ತಪ್ಪಲಿಲ್ಲ. ಗೌನು, ಕೈಗವಸು ಬರುವತನಕ ಬಸಯ್ಯನವರೇ ಕೋಣೆ ತೊಳೆದರು. ಮಾಲಾ ಗಾಜಿನ ಹೊರಗೆ ನಿಂತು ನೋಡಿದಳು.

ಅಂದು ಅಕ್ಕ ಔಷಧ ಮುಗಿಸಿಕೊಂಡು ಹೊರಡುವಾಗ ಬಸಯ್ಯನವರು ತಾವಾಗಿಯೇ ಅವಳ ಹತ್ತಿರ ಬಂದರು. “ಅಕ್ಕಾರ, ಅವತ್ತ ನೀವು ಬಾಗಿದ್ರಿ. ನನ್ನ ಬೂಟು ಆ ಕ್ವಾಣ್ಯಾಗ ಅಡ್ಡಾಡಿದ್ದು, ಮ್ಯಾಲ ಚೀಲ ಹಾಕ್ಕೊಂಡ್ರೂ ನನಗ ನಂಬಿಗಿ ಇಲ್ಲ. ಅದಕ್ಕ ಹಿಂದ ಸರದೆ,” ಎಂದರು. “ಒಳಗಿಂದು ಹೊರಗ ಬರಬಾರದು, ಹೊರಗಿಂದು ಒಳಗ ಹೋಗಬಾರದು. ನಡುವ ಇರಾವು ಈ ಎರಡು ಕೈರಿ. ಅವನ್ನ ಎಲ್ಲಿ ಇಡಬೇಕು ತಿಳೀದಕ್ಕ ಹಿಂದ ಕಟಗೊಂಡು ಅಡ್ಡಾಡತೇನಿ.”

ಮನೆಗೆ ಬಂದ ಮೇಲೆ ಅಕ್ಕ ಬಸಯ್ಯನವರ ಶಿಷ್ಯೆಯೇ ಆಗಿಬಿಟ್ಟಳು. ಔಷಧ ತೆಗೆದುಕೊಂಡ ಎರಡು ದಿನ ತನ್ನ ಬಟ್ಟೆ ಬೇರೆ ತೊಳೆಯಬೇಕು, ಶೌಚಾಲಯಕ್ಕೆ ಮುಚ್ಚಳ ಮುಚ್ಚಿ ಎರಡು ಸಲ ನೀರು ಬಿಡಬೇಕು, ಯಾರೂ ಬರಿಗೈಯಲ್ಲಿ ತನ್ನ ವಾಂತಿಯ ಬೋಗುಣಿ ಮುಟ್ಟಬಾರದು ಎಂದು ಅವರು ಹೇಳಿಕೊಟ್ಟಿದ್ದನ್ನು ಮನೆಮಂದಿಗೆಲ್ಲ ಕಾಯಿದೆ ಮಾಡಿದಳು. “ನನ್ನ ಜಡ್ಡು ಯಾರಿಗೂ ಹತ್ತೂದಿಲ್ಲ. ನನ್ನ ಔಷಧ ಹತ್ತೀತು, ಹುಷಾರ್,” ಎಂದು ಗದರುವಾಗ ಅವಳ ಧ್ವನಿಯಲ್ಲಿ ಹಳೆಯ ಠೀವಿ ಮರಳಿತ್ತು.

ಮಾಲಾಳ ಕಲಿಕೆಯನ್ನು ನಾವು ಮುಂದಿನ ಭೇಟಿಗಳಲ್ಲಿ ಗಾಜಿನಾಚೆ ಕಂಡೆವು. ನೀಲಿ ನಿಲುವಂಗಿಯ ಇಬ್ಬರು, ಎತ್ತರದವರೊಬ್ಬರು, ಗಿಡ್ಡವಳೊಬ್ಬಳು. ಬಸಯ್ಯನವರು ಕೈಗವಸು ಕಳಚುವುದನ್ನೇ ಅದೆಷ್ಟೋ ಸಲ ಮಾಡಿಸಿದರು. ಹೊರಮೈ ಒಳಗಾಗುವಂತೆ, ಚರ್ಮಕ್ಕೆ ತಾಗದಂತೆ. ಅವಳು ಬೇಸರಪಟ್ಟು, “ಸ್ಪಿರಿಟ್ ಹಾಕಿ ಒಮ್ಮೆಲೆ ವರಸಿದ್ರ ಆಗೂದಿಲ್ಲೇನ್ರಿ?” ಎಂದು ಕೇಳಿದಾಗ, “ತಡೀರಿ. ಸ್ಪಿರಿಟಿಗೆ ಕ್ರಿಮಿ ಸಾಯತಾವ, ಈ ಔಷಧ ಸಾಯೂದಿಲ್ಲ. ಬರೇ ಜಾಗಾ ಬದಲ ಮಾಡತೈತಿ,” ಎಂದರಂತೆ. ಅವರ ಜೊತೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ. ಒಂದು ಮೂಲೆ ಬಿಟ್ಟರೆ ಇಡೀ ಮೇಜನ್ನು ಮೊದಲಿನಿಂದ ಒರೆಸಿಸುತ್ತಿದ್ದರು; ಹೊಗಳುವುದು ಅವರಿಗೆ ಬರುತ್ತಲೇ ಇರಲಿಲ್ಲ. ಆದರೆ ಒಂದು ಮಾತನ್ನು ಮೊದಲ ದಿನವೇ ಅವಳಿಗೆ ಹೇಳಿದ್ದರು: “ಮಕ್ಕಳಾಗೂ ಸುದ್ದಿ ಇದ್ರ ಮೊದಲ ನನಗ ಹೇಳ್ರಿ. ಅವತ್ತಿನಿಂದ ಒಳಗ ಬರಬ್ಯಾಡ್ರಿ. ಕೆಲಸ ಹೋಗದಂಗ ನಾ ನೋಡಕೋತೇನಿ.”

ಆ ಮಾತಿನ ಬೇರು ನನಗೆ ಸಿಕ್ಕಿದ್ದು ಸಂಪಗಾಂವದಲ್ಲಿ. ಅಕ್ಕ ಶೇಂಗಾದ ಉಂಡೆ ಮಾಡಿಕೊಟ್ಟಿದ್ದಳು. ಆಸ್ಪತ್ರೆಯಲ್ಲಿ ಅವರು ಏನನ್ನೂ ಬಾಯಿಗೆ ಹಾಕುವುದಿಲ್ಲವಾದ್ದರಿಂದ ಒಂದು ಭಾನುವಾರ ನಾನೇ ಅವರ ಮನೆಗೆ ಹೋದೆ. ಬಾಗಿಲಲ್ಲಿ ನಿಂತವನು ಬೆರಗಾದೆ. ಬಸಯ್ಯನವರು ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಎರಡೂ ಕೈಯಿಂದ ಜೋಳದ ಹಿಟ್ಟು ನಾದುತ್ತಿದ್ದರು. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಅವರ ಹೆಂಡತಿ ಕಸ್ತೂರಿಬಾಯಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ಆ ಮನೆಯಲ್ಲಿ ಬಸಯ್ಯನವರು ಎಲ್ಲವನ್ನೂ ಮುಟ್ಟುತ್ತಿದ್ದರು. ನನ್ನ ಭುಜ ಹಿಡಿದು ಚಾಪೆಯ ಮೇಲೆ ಕೂರಿಸಿದರು, ಬಾಗಿಲಿಗೆ ಬಂದ ಕರುವಿನ ಕೊರಳು ತುರಿಸಿದರು, ಉಂಡೆಯನ್ನು ಮುರಿದು ಹೆಂಡತಿಯ ಕೈಗಿತ್ತರು.

ಕಸ್ತೂರಿಬಾಯಿ ಮೊದಲು ನರ್ಸಾಗಿದ್ದವರು. ದೊಡ್ಡ ಊರಿನ ಒಂದು ದವಾಖಾನೆಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರಂತೆ. “ಆವಾಗ ಇದೆಲ್ಲಾ ಎಲ್ಲೈತ್ರಿ?” ಎಂದರು ಅವರು, ರೊಟ್ಟಿ ತಿರುವಿ ಹಾಕುತ್ತ. “ಕಿಡಕಿ ಹತ್ರ ಒಂದು ಮೇಜು, ಮ್ಯಾಲ ಫ್ಯಾನು. ಅಲ್ಲೇ ನಿಂತು ಬೆರಸತಿದ್ವಿ. ಚೆಲ್ಲಿದ್ರ ನಾನ ಬರಿಗೈಲೆ ಹತ್ತಿ ತಗೊಂಡು ವರಸತಿದ್ದೆ. ಕೆಂಪ ಔಷಧ ಇದ್ರ ಬೆರಳೆಲ್ಲಾ ಕೆಂಪ. ಮದರಂಗಿ ಹಚಗೊಂಡೀರೇನ್ರಿ ಸಿಸ್ಟರ್ ಅಂತ ನಗತಿದ್ರು.” ಇನ್ನೊಂದು ರೊಟ್ಟಿಯನ್ನು ಹಂಚಿಗೆ ಹಾಕಿ, “ನನಗ ಬಸರು ನಿಲ್ಲಲಿಲ್ಲರಿ. ಒಮ್ಮೆ ಅಲ್ಲ, ಮತ್ತ ಮತ್ತ,” ಎಂದರು.

ನಾನು ಬಸಯ್ಯನವರ ಕಡೆ ನೋಡಿದೆ. ಅವರು ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ತಿರುಗಿಸುತ್ತಲೇ ಇದ್ದರು.

“ಅದರಿಂದನ ಹಂಗಾತು ಅಂತ ಹೇಳಾಕ ಬರೂದಿಲ್ಲರಿ,” ಎಂದರು. “ಅದರಿಂದ ಆಗಿಲ್ಲ ಅಂತನೂ ಹೇಳಾಕ ಬರೂದಿಲ್ಲ. ಡಾಕ್ಟರ್ ಮಂದಿ ಎಲ್ಲಾರನೂ ಕೇಳಿದ್ವಿ. ಯಾರಿಗೂ ಗೊತ್ತಿಲ್ಲ.” ಮುದ್ದೆಯನ್ನು ಹೆಂಡತಿಯ ಮುಂದಿಟ್ಟು ಮುಂದುವರಿಸಿದರು: “ಗೊತ್ತಿಲ್ಲ ಅನ್ನೂದು ಭಾಳ ಕೆಟ್ಟರಿ. ಇನ್ನೊಬ್ಬರ ಮನ್ಯಾಗ ಆ ಮಾತು ಹೋಗೂದು ಬ್ಯಾಡ ಅಂತ ನಾ ಅಷ್ಟು ತೊಳೀತೇನಿ.”

ಅವರ ಮೇಲಿನ ನನ್ನ ಗೌರವ ಆ ಅಡುಗೆಮನೆಯಲ್ಲಿ ಇಮ್ಮಡಿಯಾಯಿತು. ದುಃಖವನ್ನು ಯಾರ ಮೇಲಾದರೂ ಹೊರಿಸಿ ಹಗುರಾಗುವುದು ಮನುಷ್ಯ ಸಹಜ. ಇವರು ತಮಗೆ ತಿಳಿಯದ್ದನ್ನು ತಿಳಿಯದೆಂದೇ ಇಟ್ಟುಕೊಂಡು, ಆ ಭಾರವನ್ನು ಪ್ರತಿದಿನದ ದುಡಿಮೆಯಾಗಿ ಮಾಡಿಕೊಂಡಿದ್ದರು.

ಅಕ್ಕನ ಕೊನೆಯ ಭೇಟಿಗಳಲ್ಲೊಂದರಲ್ಲಿ, ಬಸಯ್ಯನವರು ಅಷ್ಟು ಹೆದರಿಕೊಂಡು ಕಾಯುತ್ತಿದ್ದುದು ನಮ್ಮ ಕಣ್ಣೆದುರೇ ನಡೆಯಿತು. ಔಷಧ ಹರಿಸುವ ಸಾಲುಕುರ್ಚಿಗಳ ಕೋಣೆಯಲ್ಲಿ ಅಕ್ಕನ ಪಕ್ಕಕ್ಕೆ ರಾಮದುರ್ಗದ ನೇಕಾರ ಬಸಲಿಂಗಪ್ಪ ಮಂಪರಿನಲ್ಲಿದ್ದರು. ಅವರ ಹೆಂಡತಿ ಶಟ್ಟೆವ್ವ ಗಂಡನ ಹೊದಿಕೆ ಸರಿಪಡಿಸಲು ಎದ್ದರು; ಸೆರಗು ಔಷಧದ ಚೀಲ ತೂಗಿದ ಕಂಬಕ್ಕೆ ಸಿಕ್ಕು, ಕಂಬ ವಾಲಿ ಬಿತ್ತು. ಕೊಳವೆ ಕಿತ್ತು, ಶರಬತ್ತಿನಂಥ ಕೆಂಪು ದ್ರವ ಬಿಳಿಯ ನೆಲದ ಮೇಲೆ ಹರಡುತ್ತ ಅಕ್ಕನ ಕುರ್ಚಿಯ ಕಡೆಗೇ ಬಂತು. ಜನ ಚೀರಿದರು. ಶಟ್ಟೆವ್ವ ಗಾಬರಿಯಲ್ಲಿ, “ಅಯ್ಯ, ನನ್ನ ಕೈಯಿಂದ ಎಂಥಾದ್ದಾತೋ!” ಎನ್ನುತ್ತ ಸೆರಗನ್ನು ಮುದ್ದೆ ಮಾಡಿ ಒರೆಸಲು ಬಾಗಿದರು.

“ತಡೀರಿ!”

ಕೂಗಿದ್ದು ಮಾಲಾ. ಬಾಗಿಲಲ್ಲಿದ್ದವಳು ಓಡಿಬಂದು ಶಟ್ಟೆವ್ವನ ರಟ್ಟೆ ಹಿಡಿದು ಹಿಂದಕ್ಕೆಳೆದಳು. “ಮುಟ್ಟಬ್ಯಾಡ್ರಿ ಅವ್ವಾ! ಯಾರೂ ನೆಲಕ್ಕ ಕಾಲ ಇಡಬ್ಯಾಡ್ರಿ, ಮ್ಯಾಲ ತಗೋರಿ!” ಸದ್ದಿಗೆ ಬಸಯ್ಯನವರು ಬಂದರು. “ಮೊದಲ ಮನಷಾರು, ಆಮ್ಯಾಲ ನೆಲಾ,” ಎಂದರು. ನರ್ಸು ಬಸಲಿಂಗಪ್ಪನವರ ತೋಳನ್ನು ಪರೀಕ್ಷಿಸಿದಳು. ನೀಲಪ್ಪ ಅಕ್ಕನ ಕುರ್ಚಿಯನ್ನು ಅಕ್ಕನ ಸಮೇತ ಹಿಂದಕ್ಕೆ ಸರಿಸಿದ. ಚೆಲ್ಲಿದಾಗ ಬಳಸಲೆಂದೇ ಗೋಡೆಗೆ ತೂಗಿಟ್ಟಿದ್ದ ಪೆಟ್ಟಿಗೆಯನ್ನು ತಂದು, ನಿಲುವಂಗಿ, ಜೋಡಿ ಕೈಗವಸು, ಮುಖಗವಸು ತೊಟ್ಟು ಬಸಯ್ಯನವರೂ ಮಾಲಾಳೂ ಆ ಕೆಂಪು ಮಡುವಿನ ಆಚೆ ಈಚೆ ಮೊಣಕಾಲೂರಿದರು. ಹೀರುವ ಹಾಳೆಗಳನ್ನು ಮೆಲ್ಲಗೆ ಹಾಸಿದರು. ಅಂಚಿನಿಂದ ನಡುವಿನ ಕಡೆಗೆ, ಹರಡದಂತೆ, ಸಿಡಿಯದಂತೆ. ಬಸಯ್ಯನವರು ಕೈ ಚಾಚುವ ಮೊದಲೇ ಮಾಲಾ ಚೀಲದ ಬಾಯಿ ಬಿಚ್ಚಿರುತ್ತಿದ್ದಳು. ಅವಳ ಹಾಳೆ ಮುಗಿಯುವ ಹೊತ್ತಿಗೆ ಅವರು ಹೊಸದನ್ನು ಇಟ್ಟಿರುತ್ತಿದ್ದರು. ಕೆಂಪು ಹೋದ ಮೇಲೂ ಅವರು ನಿಲ್ಲಿಸಲಿಲ್ಲ. ನಮ್ಮ ಕಣ್ಣಿಗೆ ಸ್ವಚ್ಛವಾಗಿ ಹೊಳೆಯುತ್ತಿದ್ದ ನೆಲವನ್ನು ಮತ್ತೆ ತೊಳೆದು, ಮತ್ತೆ ಒರೆಸಿ, ಕುರ್ಚಿಯ ಕಾಲುಗಳನ್ನೂ ಒಂದೊಂದಾಗಿ ಒರೆಸಿದರು.

ಶಟ್ಟೆವ್ವನ ಸೆರಗಿನ ತುದಿಗೆ ಔಷಧ ತಾಗಿತ್ತು. ಸೀರೆ ಬಿಚ್ಚಿಸಿ ಆಸ್ಪತ್ರೆಯ ಬಟ್ಟೆ ಉಡಿಸಿದಾಗ ಅವರು ಅತ್ತರು. ಅದು ಅವರದೇ ಮಗ್ಗದ ಸೀರೆ. ಮಾಲಾ ಅವರ ಎರಡೂ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದು, ಮಗುವಿನ ಕೈ ತೊಳೆಯುವ ಹಾಗೆ ಸಾಬೂನು ಹಚ್ಚಿ ಬೆರಳ ಸಂದಿಗಳನ್ನೆಲ್ಲ ತೊಳೆದಳು. ಬಸಲಿಂಗಪ್ಪನವರ ನರಕ್ಕೆ ಏನೂ ಆಗಿರಲಿಲ್ಲ. ಮಧ್ಯಾಹ್ನ ಹೊಸ ಚೀಲ ತಯಾರಾಗಿ ಬಂತು. ಅಕ್ಕ ಇದೆಲ್ಲವನ್ನೂ ಕಾಲು ಮಡಚಿಕೊಂಡು ಕುರ್ಚಿಯ ಮೇಲಿಂದಲೇ ನೋಡಿ, “ಪೂಜಾ ಮಾಡಿದಂಗ ಮಾಡಿದ್ರಲ್ಲೋ ತಮ್ಮಾ,” ಎಂದಳು.

ಅದು ಬಸಯ್ಯನವರ ಕಿವಿಗೆ ಬಿತ್ತು. “ಪೂಜಾ ತಪ್ಪಿದ್ರ ದೇವರು ಮಾಫ್ ಮಾಡತಾನ್ರಿ ಅಕ್ಕಾರ. ಇದು ಮಾಡೂದಿಲ್ಲ,” ಎಂದರು. ಆಮೇಲೆ ಮಾಲಾಳ ಕಡೆ ತಿರುಗಿ, ಸ್ವಲ್ಪ ತಡವರಿಸಿ, “ಛಲೋ ಮಾಡಿದ್ರಿ,” ಎಂದರು. ಅವಳು ಮುಖಗವಸಿನ ಒಳಗೇ ನಕ್ಕಳು. ಅದು ಕಣ್ಣಿನಲ್ಲಿ ಕಂಡಿತು.

ಅಕ್ಕನ ಔಷಧ ಮುಗಿದು ಈಗ ಒಂದು ವರ್ಷದ ಮೇಲಾಯಿತು. ಉದುರಿದ ಕೂದಲು ಗುಂಗುರಾಗಿ ಮರಳಿ ಬಂದಿದೆ; ತಪಾಸಣೆಗೆಂದು ಆಗಾಗ ಬೈಲಹೊಂಗಲಕ್ಕೆ ಹೋಗುತ್ತೇವೆ. ನಡುವೆ ಒಂದು ಬೆಳಿಗ್ಗೆ ಮಾಲಾ ಬಸಯ್ಯನವರ ಮುಂದೆ ನಿಂತು, “ಇನ್ನ ನಾ ಒಳಗ ಬರೂದಿಲ್ಲರಿ ಸರ್,” ಎಂದಳಂತೆ. ಅವರು ಕಾರಣ ಕೇಳಲಿಲ್ಲ. ಆ ಗಳಿಗೆಯಲ್ಲೇ ಕಲ್ಮೇಶನ ಕೋಣೆಗೆ ಹೋಗಿ ಅವಳಿಗೆ ನೋಂದಣಿಯ ಕೌಂಟರಿನಲ್ಲಿ ಕುಳಿತು ಮಾಡುವ ಕೆಲಸ ಕೊಡಿಸಿಯೇ ಹೊರಬಂದರು. ಅವಳ ಜಾಗದಲ್ಲಿ ನೀಲಪ್ಪ ನಿಲುವಂಗಿ ತೊಟ್ಟ. ಮೊದಲ ವಾರ ಒಂದು ಮೂಲೆ ಬಿಟ್ಟದ್ದಕ್ಕೆ ಇಡೀ ಮೇಜನ್ನು ಮತ್ತೆ ಒರೆಸಿದನೆಂದು ಕೇಳಿದೆ. ಮಾಲಾಳಿಗೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನೀವು ತೊಳೆದದ್ದರಿಂದಲೇ ಹೀಗಾಯಿತು ಎಂದು ನಾನೇನಾದರೂ ಅಂದರೆ, ಬಸಯ್ಯನವರು ಅದನ್ನು ಒಪ್ಪಲಿಕ್ಕಿಲ್ಲ.

ಅವರಂಥವರು ನಮ್ಮ ನಡುವೆ ಎಲ್ಲೆಲ್ಲೂ ಇದ್ದಾರೆ ಎಂಬುದು ನನಗೀಗ ತೋರುತ್ತದೆ. ಊರ ಕುಡಿಯುವ ನೀರಿನ ತೊಟ್ಟಿಯನ್ನು ತಿಕ್ಕುವವರು, ಬಿರುಗಾಳಿಗೆ ಮುಂಚೆ ವಿದ್ಯುತ್ತಿನ ತಂತಿಗೆ ಬಾಗಿದ ಕೊಂಬೆ ಕಡಿಯುವವರು, ಬಸ್ಸು ಹೊರಡುವ ಮುನ್ನ ಅದರ ಗಾಲಿಯ ತಿರುಪುಗಳನ್ನು ಬಡಿದು ನೋಡುವವರು. ಕಟ್ಟಿದವನ ಕೆಲಸ ನಿಂತು ಕಾಣುತ್ತದೆ, ಬೆಳೆದವನ ಕೆಲಸ ರಾಶಿಯಾಗಿ ಕಾಣುತ್ತದೆ, ಗುಣಪಡಿಸಿದವನನ್ನು ಗುಣವಾದವನು ನೆನೆಯುತ್ತಾನೆ. ಕೇಡನ್ನು ಬಾರದಂತೆ ತಡೆಯುವವರ ಕೆಲಸ ಕಾಣುವುದು ಅದು ತಪ್ಪಿದ ದಿನ ಮಾತ್ರ. ತಪ್ಪದ ದಿನ ಅಲ್ಲಿ ಏನೂ ನಡೆದಿರುವುದಿಲ್ಲ. ಯಾರಿಗೆ ಯಾವ ಕೇಡು ತಪ್ಪಿತೆಂಬುದು ತಪ್ಪಿಸಿದವರಿಗೂ ಗೊತ್ತಾಗುವುದಿಲ್ಲ, ತಪ್ಪಿಸಿಕೊಂಡವರಿಗೂ ಗೊತ್ತಾಗುವುದಿಲ್ಲ. ಕೃತಜ್ಞತೆ ಹುಟ್ಟಲಿಕ್ಕೂ ಎಡೆಯಿಲ್ಲದ ಆ ಜಾಗದಲ್ಲಿ ನಿಂತು, ಬೆಳಗಾದರೆ ಎದ್ದು ತಮ್ಮ ಕೆಲಸಕ್ಕೆ ಹೊರಡುವ ಜನರಿಂದಲೇ ಉಳಿದ ನಾವೆಲ್ಲ ಏನೂ ಆಗಲಿಲ್ಲವೆಂದು ಹೇಳಿಕೊಂಡು ನಿಶ್ಚಿಂತೆಯಿಂದ ಮನೆಗೆ ಮರಳುತ್ತೇವೆ.